ಬೆನ್ನಿನ ಬಣ್ಣ ಯಾರಿಗಾಗಿ?

ಅಮೆರಿಕದಲ್ಲಿ ಮೀನು ಹಿಡಿಯುವ ಸಾಮಾನು ಮಾರುವ ದೊಡ್ಡ ಅಂಗಡಿಗಳಲ್ಲಿ ಒಂದಿಡೀ ಗೋಡೆ ಹುಸಿಎರೆಗಳಿಗೇ ಮೀಸಲು. ಅವುಗಳಲ್ಲಿ ಪಾಪರ್ ಎಂಬುದೊಂದು ಜಾತಿ. ಹೆಬ್ಬೆರಳಿನಷ್ಟು ಮೈ, ಒಳಕ್ಕೆ ತೋಡಿದ ಮುಖ, ಹೊಟ್ಟೆಯಡಿ ಒಂದು ಗಾಳ, ಬಾಲದಲ್ಲಿ ಇನ್ನೊಂದು, ಅದರ ಸುತ್ತ ಗರಿಯ ಕುಚ್ಚು. ನೀರಿನ ಮೇಲೆ ತೇಲುವ ಇದನ್ನು ದಾರ ಜಗ್ಗಿ ಗುಳುಂ ಎನ್ನಿಸಿದರೆ ಕೆಳಗೆ ಹೊಂಚುಹಾಕಿ ನಿಂತ ಬಾಸ್ ಮೀನು ಮೇಲೆರಗುತ್ತದೆ. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಪಾಪರ್‌ಗಳ ಅಚ್ಚು ಒಂದೇ, ಬಣ್ಣ ಮಾತ್ರ ಹತ್ತಾರು: ಕಪ್ಪೆಯ ಚುಕ್ಕೆ, ಬೆಳ್ಳಿ ಹುರುಪೆ, ಹಸಿರು ಹಳದಿಯ ಮೇಲೆ ಕರಿ ಪಟ್ಟೆ, ಸುಣ್ಣದ ಬಿಳಿ. ಗಿರಾಕಿ ಕೈ ಚಾಚುವುದು ಬಣ್ಣ ನೋಡಿ. ಇದನ್ನೇ ಮನೆಯಲ್ಲಿ ಮಾಡಿಕೊಳ್ಳುವ ಹವ್ಯಾಸವೂ ಅಲ್ಲಿ ನೂರು ವರ್ಷ ದಾಟಿದೆ. ಮರದ ತುಂಡು, ಬಾಟಲಿ ಬಿರಡೆ, ಸಣ್ಣ ಚಾಕು, ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇಟ್ಟುಕೊಂಡು ಚಳಿಗಾಲವಿಡೀ ಗ್ಯಾರೇಜಿನಲ್ಲಿ ಕೂರುವವರು ಈಗಲೂ ಇದ್ದಾರೆ. ಅವರ ಕೈಕೆಲಸವನ್ನು ಮೆಚ್ಚುವವರೂ ಮೊದಲು ಮೆಚ್ಚುವುದು ಬಣ್ಣವನ್ನೇ. ಈ ಮೆಚ್ಚುಗೆ ತಪ್ಪು ಜಾಗಕ್ಕೆ ಸಲ್ಲುತ್ತಿದೆ ಎಂಬುದು ನನ್ನ ವಾದ. ಪಾಪರಿನ ಬಣ್ಣದಲ್ಲಿ ಬಹುಪಾಲು ಇರುವುದು ಮನುಷ್ಯರಿಗಾಗಿ. ಮೀನಿಗೆ ಬೇಕಾದದ್ದು ಮುಖದ ತೋಡು, ಮೈಯ ತೂಕ, ತೇಲುವ ಭಂಗಿ. ಅಂಗಡಿಯವರು ಇವೆರಡನ್ನೂ ಬೆರೆಸಿ ಒಂದೇ ಬೆಲೆಗೆ ಮಾರುತ್ತಾರೆ. ಸ್ವತಃ ಕೆತ್ತಿದವನಿಗೆ ಅವು ಬೇರೆಬೇರೆಯಾಗಿ ತಿಳಿಯುತ್ತವೆ. ಈ ಹವ್ಯಾಸಕ್ಕೆ ಏನಾದರೂ ಬೆಲೆ ಇದ್ದರೆ ಅದು ಈ ತಿಳಿವಳಿಕೆಯಲ್ಲಿದೆ.

ಮೊದಲು ಸದ್ದಿನ ವಿಚಾರ ನೋಡೋಣ. ಬಾಸ್ ಎಂದರೆ ಇಲ್ಲಿ ದೊಡ್ಡಬಾಯಿಯ ಬಾಸ್, ಉತ್ತರ ಅಮೆರಿಕದ ಕೆರೆ, ಜಲಾಶಯ, ನಿಧಾನ ಹರಿವಿನ ಹೊಳೆಗಳ ಬೇಟೆಗಾರ ಮೀನು. ನೀರಗಿಡಗಳ ಅಂಚಿನಲ್ಲೋ ಉರುಳಿಬಿದ್ದ ಮರದ ಮರೆಯಲ್ಲೋ ನಿಂತು ಕಾಯುವುದು ಅದರ ಪದ್ಧತಿ. ನೀರಿನ ಬಿಸಿ 15–16 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಮುಂಜಾನೆ ಮತ್ತು ಮುಸ್ಸಂಜೆಯ ಮಬ್ಬಿನಲ್ಲಿ, ಮೇಲ್ನೀರಿನ ಬೇಟೆಗೆ ಅದು ಹೆಚ್ಚು ಏಳುತ್ತದೆ. ಆ ಹೊತ್ತಿನಲ್ಲಿ ಪಾಪರಿನ ದಾರವನ್ನು ಮಣಿಕಟ್ಟಿನಿಂದ ಚುಟುಕಾಗಿ ಎಳೆದರೆ ತೋಡುಮುಖ ಎದುರಿನ ನೀರನ್ನು ತಳ್ಳುತ್ತದೆ, ನೀರಿನಲ್ಲಿ ಗುಳಿ ಬೀಳುತ್ತದೆ, ಗುಳಿ ಮುಚ್ಚಿಕೊಳ್ಳುವಾಗ ಗಾಳಿ ಒಳಗೆ ಸಿಕ್ಕಿ ಗುಳ್ಳೆಯಾಗುತ್ತದೆ. ಕೇಳಿಸುವ ಸದ್ದು ಬಹುಮಟ್ಟಿಗೆ ಈ ಗುಳ್ಳೆಯ ಮಿಡಿತ. ಗುಳ್ಳೆಯ ಗಾತ್ರಕ್ಕೂ ಅದರ ಸ್ವರಕ್ಕೂ ಇರುವ ಲೆಕ್ಕವನ್ನು ನೆದರ್ಲೆಂಡ್ಸ್‌ನಲ್ಲಿದ್ದ ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲೇ ಕೊಟ್ಟಿದ್ದಾರೆ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ 3,000ಕ್ಕೂ ಹೆಚ್ಚು ಸಲ ಮಿಡಿಯುತ್ತದೆ. ಒಂದು ಸೆಂಟಿಮೀಟರ್ ತ್ರಿಜ್ಯದ್ದು ಸುಮಾರು 330 ಸಲ. ಬಾಸ್‌ನಂಥ ಮೀನಿನ ಕಿವಿ ಚುರುಕಾಗಿರುವುದು ಕೆಳಸ್ವರಕ್ಕೆ; ಸ್ವರ ಏರುತ್ತ ಹೋದಂತೆ ಅದಕ್ಕೆ ಕೇಳಿಸುವುದು ಕಡಿಮೆ. ಮೈಯ ಎರಡೂ ಬದಿ ಉದ್ದಕ್ಕೂ ಇರುವ ಪಾರ್ಶ್ವರೇಖೆಯಂತೂ ಇನ್ನೂ ನಿಧಾನವಾದ ಕಂಪನವನ್ನು, ಹತ್ತಿರದ ನೀರಿನ ಅಲುಗಾಟವನ್ನು ಹಿಡಿಯುತ್ತದೆ. ಹಾಗಾಗಿ ಆಳವಾಗಿ ತೋಡಿದ ಪಾಪರ್ ದೊಡ್ಡ ಗುಳ್ಳೆ ಮಾಡಿ ಗುಳುಂ ಎನ್ನುವುದೂ, ತೆಳ್ಳಗೆ ತೋಡಿದ್ದು ನೀರು ಚಿಮ್ಮಿಸಿ ಚರ್ರೆನ್ನುವುದೂ ಮೀನಿಗೆ ಎರಡು ಬೇರೆ ಸುದ್ದಿಗಳು. ಒಂದು ಕಪ್ಪೆಯದ್ದಿರಬಹುದು, ಇನ್ನೊಂದು ಮೇಲೆ ಚದುರಿ ಓಡುವ ಮರಿಮೀನಿನದ್ದು. ಈ ವ್ಯತ್ಯಾಸವನ್ನು ಮಾಡುವುದು ಚಾಕು ಮತ್ತು ಉಪ್ಪುಕಾಗದ.

ಇನ್ನು ಕಣ್ಣಿನ ವಿಚಾರ. ನೀರಿನೊಳಗಿಂದ ಮೇಲಕ್ಕೆ ನೋಡುವ ಮೀನಿಗೆ ಹೊರಗಿನ ಲೋಕವೆಲ್ಲ ಒಂದು ದುಂಡು ಕಿಂಡಿಯೊಳಗೆ ಕುಗ್ಗಿ ಕಾಣುತ್ತದೆ. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಬಾಗುವುದರಿಂದ ಹೀಗೆ; ಕಿಂಡಿಯ ಅಗಲ ಸುಮಾರು 97 ಡಿಗ್ರಿ. ಒಂದು ಮೀಟರ್ ಆಳದಲ್ಲಿರುವ ಮೀನಿನ ತಲೆಯ ಮೇಲೆ ಈ ಕಿಂಡಿ ಎರಡೂಕಾಲು ಮೀಟರ್ ವ್ಯಾಸದ್ದಿರುತ್ತದೆ. ಅದರಾಚೆಗೆ ನೀರಿನ ಮೇಲ್ಮೈ ಬರೀ ಕನ್ನಡಿ: ಕೆರೆಯ ತಳವೇ ಅಲ್ಲಿ ಪ್ರತಿಬಿಂಬಿಸುತ್ತದೆ. ಈಗ ಪಾಪರನ್ನು ಇಲ್ಲಿಟ್ಟು ನೋಡಿ. ಅದು ಕಿಂಡಿಯ ಹೊರಗಿದ್ದರೆ ಮೀನಿಗೆ ಕಾಣುವುದು ನೀರಿನಲ್ಲಿ ಮುಳುಗಿದ ಭಾಗ ಮಾತ್ರ, ಜೊತೆಗೆ ಅದರ ತಲೆಕೆಳಗಾದ ಬಿಂಬ. ನೀರಿನಿಂದ ಮೇಲಿರುವ ಬೆನ್ನು ಮೀನಿನ ಪಾಲಿಗೆ ಇಲ್ಲದಂತೆಯೇ. ಕಿಂಡಿಯೊಳಗೆ ಬಂದರೆ ಹೊಳೆಯುವ ಆಕಾಶದ ಎದುರು ಕಪ್ಪಾದ ಆಕಾರವೊಂದು ಕಾಣುತ್ತದೆ. ಬೆಳಕು ಬರುವುದು ಮೇಲಿನಿಂದ. ನೆರಳು ಬೀಳುವುದು ಹೊಟ್ಟೆಯ ಮೇಲೆ. ಬಿಳಿ ಬಳಿದ ಹೊಟ್ಟೆಯೂ ಆ ಹೊತ್ತಿನಲ್ಲಿ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಗಂಟೆಗಟ್ಟಲೆ ಕೂತು ಬೆನ್ನಿನ ಮೇಲೆ ಬಿಡಿಸಿದ ಕಪ್ಪೆಚುಕ್ಕೆಗಳನ್ನು ನೋಡುವವರು ದೋಣಿಯಲ್ಲಿರುವವರು, ಆಮೇಲೆ ಗಾಳಿಯಲ್ಲಿ ಹಾರುವ ಕೊಕ್ಕರೆಗಳು. ಆಳಕ್ಕೆ ಇಳಿದಂತೆ ಕೆಂಪು ಮಾಯವಾಗುತ್ತದೆ, ಆದ್ದರಿಂದ ಇಂಥ ಬಣ್ಣ ಹಾಕಿ, ಅಂಥದ್ದು ಬೇಡ ಎಂಬ ಉಪದೇಶವೂ ಮೇಲ್ನೀರಿನ ಎರೆಗೆ ಹೊಂದುವುದಿಲ್ಲ. ಪಾಪರ್ ಆಳಕ್ಕೆ ಇಳಿಯುವುದೇ ಇಲ್ಲ.

ಇಲ್ಲೊಂದು ತಮಾಷೆಯಿದೆ. ಬಣ್ಣಗಾರರಲ್ಲಿ ಬಹಳ ಮಂದಿಯ ಗುರಿ ನಿಜವಾದ ಮೀನಿನ ತದ್ರೂಪು: ಕಡುಹಸಿರು ಬೆನ್ನು, ಬದಿಗಿಳಿದಂತೆ ತಿಳಿಯಾಗುವ ಬೆಳ್ಳಿ, ಹಾಲುಬಿಳಿ ಹೊಟ್ಟೆ. ಪ್ರಕೃತಿ ಈ ಕ್ರಮವನ್ನು ಯಾಕೆ ಇಟ್ಟಿದೆ ಎಂದು ಮೊದಲು ಸರಿಯಾಗಿ ವಿವರಿಸಿದವರಲ್ಲಿ ಅಮೆರಿಕದ ವರ್ಣಚಿತ್ರಕಾರ ಅಬಾಟ್ ಥೇಯರ್ ಒಬ್ಬರು. 1896ರಲ್ಲಿ ಅವರು ಹೇಳಿದ್ದು ಇಷ್ಟು: ಮೇಲಿನಿಂದ ಬೀಳುವ ಬೆಳಕು ಪ್ರಾಣಿಯ ಬೆನ್ನನ್ನು ಬೆಳಗಿ ಹೊಟ್ಟೆಗೆ ನೆರಳು ಹಾಕುತ್ತದೆ, ಬೆನ್ನು ಗಾಢವಾಗಿ ಹೊಟ್ಟೆ ತಿಳಿಯಾಗಿದ್ದರೆ ಎರಡೂ ಒಂದಕ್ಕೊಂದು ವಜಾ ಆಗಿ ಮೈಯ ಉಬ್ಬುತಗ್ಗು ಅಳಿಸಿಹೋಗುತ್ತದೆ, ಪ್ರಾಣಿ ಹಿನ್ನೆಲೆಯಲ್ಲಿ ಕರಗುತ್ತದೆ. ಅಂದರೆ ಅದು ಶತ್ರುವಿನ ಕಣ್ಣಿಗೆ ಬೀಳದಿರುವ ಉಪಾಯ. ಪಾಪರಿನ ಉದ್ಯೋಗವೋ ಕಣ್ಣಿಗೆ ಬೀಳುವುದು. ಅಡಗುವುದಕ್ಕೆಂದು ಹುಟ್ಟಿದ ಬಣ್ಣವನ್ನು ಎದ್ದು ಕಾಣಬೇಕಾದ ವಸ್ತುವಿನ ಮೇಲೆ ಕೂದಲೆಳೆಯಷ್ಟು ನಿಖರವಾಗಿ ಬಿಡಿಸಿ ಹೆಮ್ಮೆಪಡುವುದು ಎಷ್ಟರಮಟ್ಟಿಗೆ ಸರಿ? ರಾತ್ರಿ ಬಾಸ್ ಹಿಡಿಯುವ ಅನುಭವಿಗಳು ಎಷ್ಟೋ ಕಾಲದಿಂದ ಅಚ್ಚಕಪ್ಪು ಪಾಪರನ್ನೇ ಕಟ್ಟುತ್ತ ಬಂದಿರುವುದಕ್ಕೆ ಕಾರಣವಿದೆ. ನಸುಬೆಳಕಿನ ಆಕಾಶದ ಎದುರು ಕಪ್ಪಿನ ಅಂಚು ಬೇರೆಲ್ಲ ಬಣ್ಣಕ್ಕಿಂತ ಸ್ಪಷ್ಟ.

ಬಾಸ್‌ಗೆ ಬಣ್ಣವೇ ಕಾಣದು ಎಂದು ಯಾರಾದರೂ ಇದರಿಂದ ತೀರ್ಮಾನಿಸಿದರೆ ಅದು ತಪ್ಪು. ಇಲಿನಾಯ್ ರಾಜ್ಯದಲ್ಲಿ ಫ್ರಾಂಕ್ ಬ್ರೌನ್ ಎಂಬ ವಿಜ್ಞಾನಿ 1937ರಲ್ಲೇ ದೊಡ್ಡಬಾಯಿಯ ಬಾಸ್ ಬಣ್ಣಗಳಿಗೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಮೇಲೆ ಪ್ರಯೋಗ ಮಾಡಿ ಪ್ರಕಟಿಸಿದ್ದರು. ಅದೇ ರಾಜ್ಯದ ವಿಶ್ವವಿದ್ಯಾಲಯದ ತಂಡವೊಂದು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಖಚಿತವಾಗಿದೆ. ಬಾಸ್‌ನ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡು ಬಗೆ, ಒಂದು ಹಸಿರಿಗೆ, ಇನ್ನೊಂದು ಕೆಂಪಿಗೆ. ಕೆಂಪು, ಹಸಿರುಗಳನ್ನು ಅದು ಚೆನ್ನಾಗಿ ಬೇರ್ಪಡಿಸುತ್ತದೆ. ಆದರೆ ಮಿಂಚುವ ಹಸಿರುಹಳದಿಯನ್ನು ಬಿಳಿಯೊಂದಿಗೆ, ನೀಲಿಯನ್ನು ಕಪ್ಪಿನೊಂದಿಗೆ ಗೊಂದಲ ಮಾಡಿಕೊಳ್ಳುತ್ತದೆ. ಅಂಗಡಿಯ ಗೋಡೆಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಬೇಕು. ಅಲ್ಲಿ ಪರಸ್ಪರ ಪೈಪೋಟಿ ನಡೆಸುವ ಎಷ್ಟೋ ಬಣ್ಣಗಳು, ಅದರಲ್ಲೂ ಹಳದಿ ಬಿಳಿಗಳ ನಡುವಿನ ಸೂಕ್ಷ್ಮ ಛಾಯೆಗಳು, ಕಡುನೀಲಿ ಕಪ್ಪುಗಳ ಬೇರೆಬೇರೆ ಹೆಸರುಗಳು, ಕೊಳ್ಳುವವನ ಮಟ್ಟಿಗೆ ಬೇರೆ, ಮೀನಿನ ಮಟ್ಟಿಗೆ ಒಂದೇ. ಹಾಗೆಂದು ಪ್ರಯೋಗಾಲಯದ ತೊಟ್ಟಿಯಲ್ಲಿ ಕಂಡದ್ದು ಕೆಸರುಕೆರೆಯಲ್ಲಿ ಅಕ್ಷರಶಃ ನಡೆಯುತ್ತದೆಂದು ಹೇಳಲಾಗದು. ಬದಿಯಿಂದ, ಮೊಣಕಾಲುದ್ದದ ನೀರಿನಲ್ಲಿ, ಹತ್ತಿರ ಬಂದು ನೋಡುವ ಬಾಸ್‌ಗೆ ಪಾಪರಿನ ಗಂಟಲು, ಹೊಟ್ಟೆ, ಬಾಲದ ಗರಿ ಬಣ್ಣಸಮೇತ ಕಾಣಬಹುದು. ಬಣ್ಣದ ಶ್ರಮಕ್ಕೆ ಅರ್ಥ ಇರುವುದು ಅಲ್ಲಿ, ಅಂದರೆ ಅರ್ಧಕ್ಕಿಂತ ಕಡಿಮೆ ಮೈಯಲ್ಲಿ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ಮರದ ಹುಸಿಎರೆಗಳ ಮೂಲಪುರುಷ ಎನಿಸಿಕೊಂಡ ಜೇಮ್ಸ್ ಹೆಡನ್ ಮಿಷಿಗನ್ ರಾಜ್ಯದ ಡೊವಾಜಿಯಾಕ್ ಊರಿನ ಜೇನು ಸಾಕಣೆಗಾರ. ಜೇನುಪೆಟ್ಟಿಗೆಯ ಹೊಸ ಮಾದರಿಯೊಂದನ್ನೂ ರೂಪಿಸಿದವರು. ಗೆಳೆಯನಿಗಾಗಿ ಹೊಳೆಯ ದಂಡೆಯಲ್ಲಿ ಕಾಯುತ್ತ, ಕೈಯಲ್ಲಿದ್ದ ಕಡ್ಡಿಯನ್ನು ಹೆರೆದು ನೀರಿಗೆ ಎಸೆದಾಗ ಬಾಸ್ ಅದರ ಮೇಲೆರಗಿತು, ಅಲ್ಲಿಂದ ಎಲ್ಲ ಶುರುವಾಯಿತು ಎಂಬ ಕಥೆ ಅವರ ಸುತ್ತ ಬೆಳೆದಿದೆ. ಕಥೆ ಎಷ್ಟು ನಿಜವೋ, ಅದರಲ್ಲಿನ ಕಡ್ಡಿಗಂತೂ ಬಣ್ಣವಿರಲಿಲ್ಲ. 1898ರ ಸುಮಾರಿಗೆ ಅವರು ಕೆತ್ತಿದ ಮರದ ಕಪ್ಪೆಗಳು ಇಂದು ವಸ್ತುಸಂಗ್ರಹದ ಪಾಲಾಗಿವೆ. ಟೆನೆಸಿಯ ಚಟನೂಗಾದಲ್ಲಿ ಕಟ್ಟಡ ಗುತ್ತಿಗೆದಾರರಾಗಿದ್ದ ಅರ್ನೆಸ್ಟ್ ಪೆಕಿನ್‌ಪಾ 20ನೇ ಶತಮಾನದ ಮೊದಲ ದಶಕಗಳಲ್ಲಿ ಬಿರಡೆಯ ತುಂಡಿಗೆ ಗಾಳ ಸೇರಿಸಿ ಹಗುರ ಕೋಲಿನಿಂದ ಎಸೆಯುವ ಪಾಪರ್ ಮಾಡಿದರು. ಓಹಾಯೋದ ಅಕ್ರನ್ ರಬ್ಬರ್ ಕಾರ್ಖಾನೆಗಳ ಊರು. ಅಲ್ಲಿನ ಫ್ರೆಡ್ ಆರ್ಬೊಗಾಸ್ಟ್ 1940ರ ದಶಕದಲ್ಲಿ ತಂದ ಹೂಲಾ ಪಾಪರ್‌ನ ಹೆಗ್ಗಳಿಕೆ ಬಾಲದಲ್ಲಿ ನಡುಗುವ ರಬ್ಬರ್ ಲಂಗ. ಬಾಸ್‌ಗೆ ಸಂಬಂಧವಿಲ್ಲದಿದ್ದರೂ ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಪಾಲಾ ಅವರನ್ನು ಬಿಡುವಂತಿಲ್ಲ. 1936ರಲ್ಲಿ ಅವರು ಬಿರಡೆ ಕೆತ್ತಿ, ಚಾಕೊಲೇಟ್ ಸುತ್ತುವ ತಗಡಿನ ಹಾಳೆ ಹಚ್ಚಿ, ಕರಗಿಸಿದ ಫೋಟೊ ನೆಗೆಟಿವ್ ಬಳಿದು ಎರೆ ಮಾಡಿದರು. ಗಾಯಗೊಂಡ ಮೀನು ಓಲಾಡುವ ರೀತಿಯನ್ನು ಕಂಡುಹಿಡಿದದ್ದು ಅವರ ಸಾಧನೆ. ಮೇಲಿನ ಹೊಳಪು ಕೈಗೆ ಸಿಕ್ಕಿದ ಕಸದಿಂದ ಬಂದದ್ದು. ಇವರೆಲ್ಲರ ಹೆಸರಿನಲ್ಲಿ ಆಮೇಲೆ ಕಂಪನಿಗಳು ಬೆಳೆದವು. ಕಂಪನಿಗೆ ಮಾರಾಟ ಮುಖ್ಯ, ಆಗ ಬಣ್ಣ ಮುಂದಕ್ಕೆ ಬಂತು. ಹಳೆಯ ಹುಸಿಎರೆಗಳನ್ನು ಸಂಗ್ರಹಿಸುವವರು ಇಂದು ಬೆಲೆ ಕಟ್ಟುವುದು ಬಣ್ಣ ಎಷ್ಟು ಉಳಿದಿದೆ ಎಂಬುದರ ಮೇಲೆ. ಎಷ್ಟು ಮೀನು ಹಿಡಿದಿದೆ ಎಂದು ಕೇಳುವುದಿಲ್ಲ. ಚೆನ್ನಾಗಿ ಹಿಡಿದದ್ದಕ್ಕೆ ಬೆಲೆ ಕಡಿಮೆಯೇ, ಅದರ ಬಣ್ಣ ಹಲ್ಲಿಗೆ ಸಿಕ್ಕಿ ಹೋಗಿರುತ್ತದೆ.

ಈ ವಾದಕ್ಕೆ ಅತ್ಯಂತ ಗಟ್ಟಿ ಸಾಕ್ಷಿ ರೆಬೆಲ್ ಕಂಪನಿಯ ಪಾಪ್-ಆರ್. 1970ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಈ ಪ್ಲಾಸ್ಟಿಕ್ ಪಾಪರ್ ಹೆಚ್ಚು ಓಡಲಿಲ್ಲ, ತಯಾರಿಕೆ ನಿಂತಿತು. ಆದರೆ ಪಂದ್ಯಗಳಲ್ಲಿ ಹಣಕ್ಕಾಗಿ ಬಾಸ್ ಹಿಡಿಯುವ ಕೆಲವರು ಅದನ್ನು ಗುಟ್ಟಾಗಿ ಬಳಸುತ್ತಿದ್ದರು, ಮೂಲೆಯ ಅಂಗಡಿಗಳಲ್ಲಿ ಉಳಿದವನ್ನು ಹುಡುಕಿ ಕೊಳ್ಳುತ್ತಿದ್ದರು. ಗುಟ್ಟು ಬಯಲಾದ ಮೇಲೆ 1980ರ ದಶಕದ ನಡುವಿನಲ್ಲಿ ಕಂಪನಿ ಅದನ್ನು ಮತ್ತೆ ತಯಾರಿಸಿತು. ಅದರೊಂದಿಗೆ ಸದಾ ಕೇಳಿಬರುವ ಹೆಸರು ಟೆಕ್ಸಸ್‌ನ ವೃತ್ತಿಪರ ಸ್ಪರ್ಧಿ ಜೆಲ್ ರೋಲಂಡ್. ಅವರು ಮಾಡುತ್ತಿದ್ದುದೇನು? ಕಾರ್ಖಾನೆಯ ಪಾಪರ್ ತಂದು ಉಪ್ಪುಕಾಗದ ಹಿಡಿದು ಉಜ್ಜುವುದು. ಮೈಯ ಗೋಡೆ ತೆಳ್ಳಗಾಗಬೇಕು, ಮುಖದ ತುಟಿ ಚೂಪಾಗಬೇಕು, ಒಟ್ಟು ಹಗುರವಾಗಿ ನೀರಿನ ಮೇಲೆ ಎತ್ತರಕ್ಕೆ ತೇಲಿ ಸಣ್ಣ ಎಳೆತಕ್ಕೂ ಉಗುಳಬೇಕು. ಉಜ್ಜುವಾಗ ಮೊದಲು ಹೋಗುವುದು ಯಾವುದು? ಕಂಪನಿ ಹಣ ಸುರಿದು ಹಾಕಿಸಿದ ಬಣ್ಣ. ಜೀವನೋಪಾಯವೇ ಮೀನಿನ ಮೇಲೆ ನಿಂತಿದ್ದವರು ಬಣ್ಣವನ್ನು ಕೆರೆದು ಬಿಸಾಡಿ ಆಕಾರವನ್ನು ಉಳಿಸಿಕೊಂಡರು ಎಂಬುದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಉಜ್ಜಿದ ಮೇಲೆ ಮತ್ತೆ ಬಣ್ಣ ಹಾಕಿಕೊಳ್ಳುತ್ತಿದ್ದರು ಎನ್ನುವುದಾದರೆ, ಅದು ಎರಡನೆಯ ಮಾತು.

ಕೆತ್ತುವವನ ಮೇಜಿನ ಹತ್ತಿರ ಹೋದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅತ್ಯಂತ ಸರಳ ಪಾಪರಿಗೆ ಬೇಕಾದದ್ದು ಒಂದು ಬಿರಡೆ ಮತ್ತು ನಡುವೆ ಗೂನು ಬಗ್ಗಿಸಿದ ಗಾಳ. ಬಿರಡೆಯ ಅಡಿಯಲ್ಲಿ ಬ್ಲೇಡಿನಿಂದ ಉದ್ದಕ್ಕೆ ಸೀಳು ಹಾಕಿ, ಗಾಳದ ಕಂಬಿಯನ್ನು ಅಂಟಿನೊಂದಿಗೆ ಅದರೊಳಗೆ ಕೂರಿಸುತ್ತಾರೆ. ಕಂಬಿ ನೇರವಾಗಿದ್ದರೆ ನಾಲ್ಕು ಎಸೆತಕ್ಕೆ ಬಿರಡೆ ಗಿರ್ರನೆ ತಿರುಗಿಬಿಡುತ್ತದೆ. ಗೂನು ಇರುವುದು ಅದನ್ನು ತಡೆಯಲು. ಸೀಳು ಆಳವಾದರೆ ಗಾಳದ ಬಾಯಿ ಕಿರಿದಾಗಿ ಮೀನು ಜಾರುತ್ತದೆ, ಆದ್ದರಿಂದ ಕಂಬಿ ಹೊಟ್ಟೆಯ ಅಂಚಿಗೇ ಕೂರಬೇಕು. ಮರದ ಪಾಪರಾದರೆ ಬಾಲ್ಸಾ, ಬಾಸ್‌ವುಡ್, ಸೀಡರ್ ಯಾವುದಾದರೂ ಆದೀತು. ಬಾಲ್ಸಾ ಹಗುರ, ಎತ್ತರಕ್ಕೆ ತೇಲುತ್ತದೆ, ಆದರೆ ಉಗುರು ತಾಗಿದರೂ ತಗ್ಗು ಬೀಳುತ್ತದೆ, ತಿರುಪಿನ ಕೊಂಡಿ ಅದರಲ್ಲಿ ನಿಲ್ಲುವುದಿಲ್ಲ. ಮೂಗಿನಿಂದ ಬಾಲದವರೆಗೆ ಒಂದೇ ತಂತಿ ಹಾಯಿಸಬೇಕಾಗುತ್ತದೆ. ಮುಖ ತೋಡಲು ದುಂಡುತುದಿಯ ಕೊರೆಯುವ ಬಿಟ್ಟು, ಆಮೇಲೆ ಬೆರಳಿಗೆ ಸುತ್ತಿಕೊಂಡ ಉಪ್ಪುಕಾಗದ. ನಂತರ ನೀರು ತುಂಬಿದ ಬಕೆಟ್. ಬಾಲದ ಕಡೆ ತೂಕ ಇಟ್ಟು ಬಿಟ್ಟರೆ ಪಾಪರ್ ಮುಖ ಮೇಲೆತ್ತಿ ಓರೆಯಾಗಿ ನಿಲ್ಲಬೇಕು. ತೀರಾ ನೆಟ್ಟಗೆ ನಿಂತರೆ ಎಳೆದಾಗ ಉಗುಳುವುದಿಲ್ಲ, ನೆಗೆಯುತ್ತದೆ. ಮಟ್ಟಸವಾಗಿ ಮಲಗಿದರೆ ಮುಖದ ಮೇಲಂಚು ಮುಳುಗಿ ಮುಗ್ಗರಿಸುತ್ತದೆ. ತೂಕವನ್ನು ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಸರಿಸಿ, ಮತ್ತೆ ಬಿಟ್ಟು, ಮತ್ತೆ ಸರಿಸಿ ನೋಡುವುದೇ ಈ ಕಸುಬಿನ ಹೃದಯ. ಇಷ್ಟು ಮುಗಿಯುವ ಹೊತ್ತಿಗೆ ಮೈಮೇಲೆ ಒಂದು ಹನಿ ಬಣ್ಣವೂ ಬಿದ್ದಿರುವುದಿಲ್ಲ, ಆದರೆ ಆ ಪಾಪರ್ ಮೀನು ಹಿಡಿಯುತ್ತದೋ ಇಲ್ಲವೋ ಎಂಬುದು ಆಗಲೇ ತೀರ್ಮಾನವಾಗಿರುತ್ತದೆ.

ಬಣ್ಣದ ಕೆಲಸ ಇದಕ್ಕಿಂತ ಉದ್ದ, ಕಣ್ಣಿಗೆ ಹಬ್ಬ. ನೀರು ಒಳಹೋಗದಂತೆ ಮರವನ್ನು ಮುಚ್ಚಿ, ಬಿಳಿ ಪ್ರೈಮರ್ ಹಾಕಿ, ಸೊಳ್ಳೆಪರದೆಯಂಥ ಬಲೆಬಟ್ಟೆಯನ್ನು ಬಿಗಿಯಾಗಿ ಸುತ್ತಿ ಅದರ ಮೇಲೆ ಬಣ್ಣ ಊದುತ್ತಾರೆ. ಬಲೆ ಬಿಚ್ಚಿದರೆ ಹುರುಪೆಯ ಸಾಲು ತಾನಾಗಿ ಮೂಡಿರುತ್ತದೆ. ಕೊನೆಗೆ ಎರಡು ಭಾಗ ಕಲಸಿದ ಎಪಾಕ್ಸಿಯ ಲೇಪ. ಅದು ಗಟ್ಟಿಯಾಗುವವರೆಗೆ ಒಂದೆಡೆ ಇಳಿದು ಹನಿಗಟ್ಟದಿರಲೆಂದು ಸಣ್ಣ ಮೋಟಾರಿನ ಚಕ್ರಕ್ಕೆ ಕಟ್ಟಿ ನಿಧಾನಕ್ಕೆ ತಿರುಗಿಸುತ್ತಾರೆ. ಈ ಲೇಪ ಮಾತ್ರ ಅಲಂಕಾರವಲ್ಲ. ಮರಕ್ಕೆ ನೀರು ಹತ್ತದಂತೆ, ಹಲ್ಲು ಗೀರದಂತೆ ಕಾಯುವುದು ಅದೇ. ಆದರೆ ದಪ್ಪವಾಗಿ ಬಿದ್ದ ಲೇಪ ತೂಕ ಏರಿಸಿ, ಬಕೆಟ್ಟಿನಲ್ಲಿ ಕಷ್ಟಪಟ್ಟು ಹೊಂದಿಸಿದ ಭಂಗಿಯನ್ನೇ ಕೆಡಿಸಬಲ್ಲದು. ಅಂದಕ್ಕೆ ಆಟ ಬಲಿಯಾಗುವುದು ಹೀಗೆ.

ಹಾಗಾದರೆ ಬಣ್ಣ ಹಾಕುವುದೇ ಬೇಡವೇ ಎಂದು ಕೇಳಬಹುದು. ನಾನು ಹಾಗೆ ಹೇಳುತ್ತಿಲ್ಲ. ಮಂಜಿನಲ್ಲಿ, ಬಿಸಿಲಿನ ಝಳದಲ್ಲಿ, ಮೂವತ್ತು ಮೀಟರ್ ಆಚೆ ತೇಲುವ ತನ್ನ ಪಾಪರನ್ನು ಗುರುತಿಸಲು ಗಾಳಗಾರನಿಗೆ ಬೆನ್ನಿನ ಮೇಲೊಂದು ಕಿತ್ತಳೆ ಮಚ್ಚೆ ಬೇಕೇ ಬೇಕು. ಅದು ಮನುಷ್ಯನಿಗಾಗಿ ಎಂದು ಒಪ್ಪಿಕೊಂಡು ಹಾಕಿದ ಪ್ರಾಮಾಣಿಕ ಬಣ್ಣ. ತನಗೆ ಇಷ್ಟವಾದ ಎರೆಯನ್ನು ಕಟ್ಟಿದವನು ಬೇಗ ಬದಲಿಸದೆ, ಗಮನವಿಟ್ಟು, ಹೆಚ್ಚು ಹೊತ್ತು ಎಸೆಯುತ್ತಾನೆ, ಹಾಗಾಗಿ ಹೆಚ್ಚು ಹಿಡಿಯುತ್ತಾನೆ ಎಂಬ ಮಾತಿನಲ್ಲೂ ತಿರುಳಿದೆ. ಬಣ್ಣದಲ್ಲಿ ಮನಸ್ಸಿಗೆ ಸಿಗುವ ಸುಖವನ್ನಂತೂ ಯಾವ ದೃಷ್ಟಿವಿಜ್ಞಾನವೂ ಕಿತ್ತುಕೊಳ್ಳಲಾರದು. ಯಾವ ಗೆರೆ ಯಾರಿಗಾಗಿ ಎಂಬ ಲೆಕ್ಕ ತಲೆಯಲ್ಲಿರಲಿ ಎಂಬುದಷ್ಟೇ ನನ್ನ ಬೇಡಿಕೆ. ಹೊಟ್ಟೆ, ಗಂಟಲು, ಬಾಲದ ಗರಿ ಮೀನಿನ ಪಾಲು. ಮಿಕ್ಕಿದ್ದರಲ್ಲಿ ಕೈ ಎಷ್ಟು ಬೇಕಾದರೂ ಆಡಲಿ.

ದುಡ್ಡಿನ ಆಕ್ಷೇಪವೂ ಇದೆ. ಕಾರ್ಖಾನೆಯ ಒಳ್ಳೆಯ ಪಾಪರ್ ಹತ್ತು ಡಾಲರ್ ಒಳಗೇ ಸಿಗುವಾಗ ಏರ್‌ಬ್ರಷ್, ಕಂಪ್ರೆಸರ್, ಎಪಾಕ್ಸಿ, ಗಾಳ, ಕೊಂಡಿ ಎಂದು ಸುರಿಯುವುದು ಯಾಕೆ? ಉಳಿತಾಯಕ್ಕೆಂದು ಇದಕ್ಕೆ ಇಳಿದವರಿಗೆ ಉತ್ತರವಿಲ್ಲ, ಉಳಿಯುವುದಿಲ್ಲ. ಗಮನಿಸಬೇಕಾದ್ದೇನೆಂದರೆ, ಆ ಪಟ್ಟಿಯಲ್ಲಿ ದುಬಾರಿಯಾದದ್ದೆಲ್ಲ ಬಣ್ಣದ ಸಲಕರಣೆ. ಬಿರಡೆ, ಚಾಕು, ಉಪ್ಪುಕಾಗದ, ಬಕೆಟ್ಟಿಗೆ ಏನೂ ಖರ್ಚಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕಾರ್ಖಾನೆಯ ಪರವಾಗಿ ಬರುತ್ತದೆ. ಯಂತ್ರದ ಅಚ್ಚಿನಲ್ಲಿ ಸಾವಿರವೂ ಒಂದೇ ತೂಕ, ತೊಟ್ಟಿಯಲ್ಲಿ ಪರೀಕ್ಷೆಯಾದ ಮಾದರಿ. ಮನೆಯ ಕೆತ್ತನೆಯಲ್ಲಿ ಒಂದರಂತೆ ಇನ್ನೊಂದಿಲ್ಲ. ನಿಜ. ಆದರೆ ಒಂದರಂತೆ ಒಂದಿಲ್ಲದಿರುವುದರಿಂದಲೇ ಕಲಿಕೆ ಹುಟ್ಟುತ್ತದೆ. ಇದರ ಮುಖ ಆಳ, ಅದರದು ತೆಳು. ಇದಕ್ಕೆ ಮೀನು ಎದ್ದಿತು, ಅದಕ್ಕೆ ಏಳಲಿಲ್ಲ, ಏಕೆ ಎಂಬ ಪ್ರಶ್ನೆ ಕೊಂಡವನಿಗೆ ಬರುವುದು ಬಣ್ಣದ ರೂಪದಲ್ಲಿ, ಏಕೆಂದರೆ ಅವನ ಕೈಯಲ್ಲಿ ಬದಲಾದದ್ದು ಬಣ್ಣವೊಂದೇ. ಅವನು ಮತ್ತೊಂದು ಬಣ್ಣ ಕೊಳ್ಳುತ್ತಾನೆ. ಕೈಕೊಟ್ಟದ್ದು ಮುಖದ ತೋಡು ಎಂದು ಅವನಿಗೆ ತಿಳಿಯುವ ದಾರಿಯೇ ಇಲ್ಲ. ಬಾಸ್ ನಮ್ಮ ನೀರಿನ ಮೀನಲ್ಲ. ಆದರೆ ಜೊಂಡಿನ ನಡುವೆ ಹೊಂಚಿ, ಕಪ್ಪೆಗೆ ಮೇಲೆರಗುವ ಮುರ್ರೆಲ್, ಕೆಲವೆಡೆ ಕೊರಮೀನು ಎನಿಸಿಕೊಳ್ಳುವುದು, ನಮ್ಮ ಕೆರೆಗಳಲ್ಲಿದೆ. ಅದಕ್ಕೆಂದು ಹೊರಗಿನ ರಬ್ಬರ್ ಕಪ್ಪೆಗಳನ್ನೂ ಪಾಪರ್‌ಗಳನ್ನೂ ತರಿಸಿಕೊಳ್ಳುವ ಇಲ್ಲಿನ ಹವ್ಯಾಸಿಗಳಿಗೂ ಈ ಮಾತು ಹಾಗೇ ಅನ್ವಯಿಸುತ್ತದೆ.

ಮೀನಿಗೆ ನೋವು ಕೊಟ್ಟು ಆಡುವ ಆಟವನ್ನು ಕಲೆ ಎಂದು ಮೆರೆಸುವುದೇಕೆ ಎಂಬ ಪ್ರಶ್ನೆಯನ್ನು ಹಾರಿಸಿ ಹೋಗುವಂತಿಲ್ಲ. ರೇ ಸ್ಕಾಟ್ 1967ರಲ್ಲಿ ಅರ್ಕನ್ಸಾದ ಬೀವರ್ ಕೆರೆಯಲ್ಲಿ ಆರಂಭಿಸಿದ ಬಾಸ್ ಪಂದ್ಯಗಳಲ್ಲಿ 1972ರಿಂದ ಹಿಡಿದ ಮೀನನ್ನು ಜೀವಂತ ಬಿಡುವ ಪದ್ಧತಿ ಬಂತು. ಇಂದು ಅದು ಅಲ್ಲಿನ ಸಾಮಾನ್ಯ ನಡತೆ. ಬಿಟ್ಟರೂ ಗಾಯ ಗಾಯವೇ. ಕಾರ್ಖಾನೆಯ ಪಾಪರ್ ಸಾಮಾನ್ಯವಾಗಿ ಮೂರು ಕೊಕ್ಕೆಯ ಎರಡು ಗಾಳ ಹೊತ್ತು ಬರುತ್ತದೆ, ಅಂದರೆ ಆರು ಮೊನೆ, ಪ್ರತಿ ಮೊನೆಗೂ ಹಿಮ್ಮುಳ್ಳು. ಹೀಗೇ ಇರಬೇಕೆಂಬ ಕಾನೂನಿಲ್ಲ. ತಾನೇ ಮಾಡುವವನು ಹಿಮ್ಮುಳ್ಳಿಲ್ಲದ ಒಂದೇ ಕೊಕ್ಕೆ ಇಟ್ಟು ಅದಕ್ಕೆ ತಕ್ಕಂತೆ ತೂಕ ಹೊಂದಿಸಿಕೊಳ್ಳಬಹುದು. ಕೊಂಡ ಪಾಪರಿನಲ್ಲಿ ಗಾಳ ಬದಲಿಸಿದರೆ ತೇಲುವ ಭಂಗಿಯೇ ಕೆಡಬಹುದು. ತೂಕಕ್ಕೆಂದು ಇಡುವ ಸೀಸದ ವಿಷಯದಲ್ಲೂ ಇದೇ. ಉದುರಿದ ಸೀಸದ ಗುಂಡನ್ನು ನುಂಗಿ ಲೂನ್ ಎಂಬ ನೀರುಹಕ್ಕಿಗಳು ಸಾಯುವುದನ್ನು ಕಂಡ ನ್ಯೂ ಹ್ಯಾಂಪ್‌ಷೈರ್ ರಾಜ್ಯ, ಒಂದು ಔನ್ಸ್ ಮತ್ತು ಅದಕ್ಕಿಂತ ಕಡಿಮೆ ತೂಕದ ಸೀಸದ ಗುಂಡುಗಳ, ಜಿಗ್ ಎಂಬ ಸೀಸದ ತಲೆಯ ಗಾಳಗಳ ಮಾರಾಟವನ್ನೂ ಸಿಹಿನೀರಿನಲ್ಲಿ ಅವುಗಳ ಬಳಕೆಯನ್ನೂ 2016ರಿಂದ ನಿಷೇಧಿಸಿದೆ. ಬ್ರಿಟನ್ 1987ರಲ್ಲೇ ಹಂಸಗಳ ಸಲುವಾಗಿ ಇಂಥ ಕ್ರಮ ಕೈಗೊಂಡಿತ್ತು. ಪಾಪರಿನ ಹೊಟ್ಟೆಯೊಳಗಿನ ತೂಕ ಎಪಾಕ್ಸಿಯಡಿ ಮುಚ್ಚಿರುತ್ತದೆ ಎಂಬ ಸಮಾಧಾನ ನಿಲ್ಲುವಂಥದ್ದಲ್ಲ. ದಾರ ಹರಿದು ಕೆರೆಯಲ್ಲಿ ಉಳಿದ ಮರ ಒಂದು ದಿನ ಕೊಳೆಯುತ್ತದೆ. ಹಿತ್ತಾಳೆ, ಉಕ್ಕಿನ ಗುಂಡು, ಇಲ್ಲವೇ ಬಾಲದಲ್ಲಿ ಸ್ವಲ್ಪ ದಪ್ಪ ಗಾಳ ಆ ಕೆಲಸ ಮಾಡುತ್ತವೆ. ಹಾಗಿದ್ದೂ ಮನೆಯಲ್ಲಿ ಸೀಸ ಕರಗಿಸುವವರನ್ನು ಸಮರ್ಥಿಸಲು ನನ್ನಲ್ಲಿ ಮಾತಿಲ್ಲ. ಅಡುಗೆಮನೆಯ ಒಲೆಯ ಮೇಲಂತೂ ಅಲ್ಲವೇ ಅಲ್ಲ.

ಕೊನೆಯ ಆಕ್ಷೇಪ ತೆರಿಗೆಯದ್ದು, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ್ದು. 1950ರ ಡಿಂಗೆಲ್–ಜಾನ್ಸನ್ ಕಾಯ್ದೆಯ ಪ್ರಕಾರ ಅಮೆರಿಕದಲ್ಲಿ ಮೀನು ಹಿಡಿಯುವ ಸಾಮಾನಿನ ಮೇಲೆ ತಯಾರಕರು ಕೊಡುವ ಕೇಂದ್ರ ತೆರಿಗೆ, ಹುಸಿಎರೆ ಗಾಳಗಳಿಗೆ 10 ಪ್ರತಿಶತ, ಮೀನುಸಂಪತ್ತಿನ ರಕ್ಷಣೆಗೇ ಮೀಸಲು. ರಾಜ್ಯಗಳಿಗೆ ಅದನ್ನು ಹಂಚುವಾಗ 60 ಪ್ರತಿಶತ ಪರವಾನಗಿ ಪಡೆದ ಗಾಳಗಾರರ ಸಂಖ್ಯೆ ನೋಡಿ, 40 ಪ್ರತಿಶತ ವಿಸ್ತೀರ್ಣ ನೋಡಿ ಹಂಚುತ್ತಾರೆ. ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಈ ನಿಧಿಗೆ ಖೋತಾ ಅಲ್ಲವೇ? ಸ್ವಂತ ಬಳಕೆಗೆ ಕೆತ್ತುವವರ ಮಟ್ಟಿಗೆ ಇದು ದೊಡ್ಡ ನಷ್ಟವಲ್ಲ. ಅವರು ಕೊಳ್ಳುವ ಗಾಳ, ಕೋಲು, ರೀಲು, ದಾರಗಳ ಬೆಲೆಯಲ್ಲಿ ತೆರಿಗೆ ಆಗಲೇ ಸೇರಿದೆ, ಪರವಾನಗಿಯ ಶುಲ್ಕ ಬೇರೆ. ತೊಡಕು ಇರುವುದು ಚೆನ್ನಾಗಿ ಬಣ್ಣ ಹಾಕಲು ಕಲಿತು, ನೆರೆಹೊರೆಯವರಿಗೆ, ಸಂತೆಯಲ್ಲಿ, ಅಂತರ್ಜಾಲದಲ್ಲಿ ಮಾರತೊಡಗಿದವರಲ್ಲಿ. ಮಾರಿದ ಕೂಡಲೇ ಕಾಯ್ದೆಯ ಕಣ್ಣಿನಲ್ಲಿ ಅವರು ತಯಾರಕರು; ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಿ ಆ 10 ಪ್ರತಿಶತ ಕಟ್ಟಬೇಕು. ಇದನ್ನು ಕಿರುಕುಳವೆಂದು ಗೊಣಗುವವರಿದ್ದಾರೆ, ಗೊತ್ತಿಲ್ಲದೆ ಬಿಟ್ಟವರೂ ಇರಬಹುದು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ರಿಯಾಯಿತಿ ಬೇಕಿಲ್ಲ. ಕೈಕೆಲಸ ಎಂಬ ಕಾರಣಕ್ಕೆ ಹೆಚ್ಚು ಬೆಲೆ ಪಡೆಯುವವರು, ಕೆರೆಗೆ ಮೀನುಮರಿ ಬಿಡುವ ಖರ್ಚಿನಲ್ಲಿ ದೊಡ್ಡ ಕಂಪನಿಗಳಷ್ಟೇ ಪಾಲು ಕೊಡುವುದು ನ್ಯಾಯ. ಲೆಕ್ಕ ಒಪ್ಪಿಸುವ ಕಾಗದಪತ್ರವನ್ನು ಸಣ್ಣವರಿಗಾಗಿ ವರ್ಷಕ್ಕೊಮ್ಮೆ ಸಾಕೆಂದು ಸರಳಗೊಳಿಸಿದರೆ ಅದಕ್ಕೆ ಯಾರ ತಕರಾರೂ ಇರಲಾರದು.